ಒಂಬತ್ತು ಟಿಕ್

ಒಂದು ಭಾನುವಾರ ಗುರಿ ತಪ್ಪಿದರೆ ಜನ ಗಾಳಿಯನ್ನು ಬೈಯುತ್ತಾರೆ. ಎರಡು ಭಾನುವಾರ ತಪ್ಪಿದರೆ ಬಂದೂಕನ್ನು ಬೈಯುತ್ತಾರೆ. ನಾಲ್ಕು ತಿಂಗಳು ಬಿಡದೆ ತಪ್ಪಿದರೆ, ಅದೂ ಐವತ್ತೆಂಟು ವರ್ಷದ ಹೆಂಗಸು ತಪ್ಪಿದರೆ, ಯಾರೂ ಯಾರನ್ನೂ ಬೈಯುವುದಿಲ್ಲ. ಅಯ್ಯೋ ಪಾಪ ಅನ್ನುತ್ತಾರೆ. ಗಡಿಯಾರದಕ್ಕನಿಗೆ ಮೈಯೆಲ್ಲ ಉರಿಯುತ್ತಿದ್ದುದು ಈ ಅಯ್ಯೋ ಪಾಪಕ್ಕೆ. ಬೈದಿದ್ದರೆ ಅವಳೂ ತಿರುಗಿ ನಾಲ್ಕು ಬೈದು ಹಗುರಾಗಬಹುದಿತ್ತು.

ಆ ಭಾನುವಾರವೂ ಹತ್ತು ತಟ್ಟೆಗಳಲ್ಲಿ ಬಿದ್ದದ್ದು ಮೂರೇ. ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯೊಂದರ ಉದ್ದನೆಯ ಶೆಡ್ಡಿನಲ್ಲಿ ಅವರ ಗಾಳಿ ಬಂದೂಕಿನ ಕ್ಲಬ್ಬು. ಈ ತುದಿಯಲ್ಲಿ ಮಲಗಿ ಹೊಡೆಯಲು ಹಾಸಿದ ಚಾಪೆಗಳು. ಆ ತುದಿಯವರೆಗೆ ಬೇರೆ ಬೇರೆ ದೂರದಲ್ಲಿ ನಿಲ್ಲಿಸಿದ, ಬಿಸ್ಕತ್ತಿನಷ್ಟು ಅಗಲದ ಕಬ್ಬಿಣದ ತಟ್ಟೆಗಳು. ಸೀಸದ ಗುಂಡು ನಡುವಿಗೆ ತಾಗಿದರೆ ತಟ್ಟೆ ಟಣ್ ಎಂದು ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಅಂಚಿಗೆ ತಾಗಿದರೆ ಕೊಂಚ ಅಲುಗಾಡಿ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಅವಳ ಗುಂಡುಗಳು ಒಂದೋ ಕೆಳ ಅಂಚಿಗೆ ತಾಗಿದ್ದವು, ಇಲ್ಲವೇ ಅದಕ್ಕೂ ಕೆಳಗಿನ ಮರದ ಹಲಗೆಯೊಳಗೆ ಹೋಗಿ ಕೂತಿದ್ದವು. ಎದ್ದು ಮೊಣಕೈಯ ಧೂಳು ಕೊಡವಿಕೊಳ್ಳುತ್ತ, ಬಂದೂಕಿನ ಮೇಲಿನ ದುರ್ಬೀನು, ಅಂದರೆ ಸ್ಕೋಪು, ಮತ್ತೆ ಸರಿದಿದೆ, ಬುಧವಾರ ಕೂರಿಸಿದ ಗುರಿ ಭಾನುವಾರಕ್ಕೆ ನಿಲ್ಲುತ್ತಿಲ್ಲ ಎಂದಳು.

ಕ್ಲಬ್ಬಿನ ಕ್ಯಾಪ್ಟನ್ ಬೇರೆ ಯಾರೂ ಅಲ್ಲ, ಅವಳ ಮೈದುನ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದವನು. ಸ್ವಯಂನಿವೃತ್ತಿ ಪಡೆದ ದಿನ ಸೀಟಿಯನ್ನು ಶಾಲೆಗೆ ಒಪ್ಪಿಸಿದನೇ ಹೊರತು ಗಂಟಲನ್ನು ಒಪ್ಪಿಸಿ ಬಂದಿರಲಿಲ್ಲ. ಕೆಟ್ಟವನಲ್ಲ. ಮದುವೆಯಾಗಿ ಬಂದಾಗ ಇನ್ನೂ ಶಾಲೆಗೆ ಹೋಗುತ್ತಿದ್ದ ಅವನಿಗೆ ಬುತ್ತಿ ಕಟ್ಟಿಕೊಟ್ಟವಳು ಇವಳೇ. ಅತ್ತಿಗೆ ಅಂದರೆ ಪ್ರಾಣ. ಆದರೆ ಆ ಪ್ರಾಣವನ್ನು ಶೆಡ್ಡಿನ ಆ ತುದಿಗೆ ಕೇಳುವಂತೆಯೇ ತೋರಿಸುವುದು ಅವನ ಅಭ್ಯಾಸ.

"ಬಿಡಿ ಅತ್ತಿಗೆ," ಅಂದ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ."

ಎಲ್ಲರೂ ನಕ್ಕರು. ಹಲ್ಲಿನ ಡಾಕ್ಟರು ಮಾತ್ರ ಮರ್ಯಾದೆಯಿಂದ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರಿಗೆ ಜೋರಾಗಿ ನಗುವ ಧೈರ್ಯ ಇರಲಿಲ್ಲ. ಅವಳ ಜಾಗ ಸಿಗಬೇಕಾಗಿದ್ದುದು ಅವರಿಗೇ. ಬೇರೆ ಊರಿನ ಕ್ಲಬ್ಬುಗಳ ಎದುರು ಆಡುವ ತಂಡದಲ್ಲಿ ನಾಲ್ಕೇ ಜನ. ಹನ್ನೊಂದು ವರ್ಷದಿಂದ ಅವರಲ್ಲಿ ಒಬ್ಬಳು ಗಡಿಯಾರದಕ್ಕ. ತಿಂಗಳ ಕೊನೆಯ ಭಾನುವಾರ ಆಯ್ಕೆ. ಅವತ್ತು ಎಂಟು ತಟ್ಟೆ ಬೀಳಿಸದಿದ್ದರೆ ಅವಳ ಹೆಸರು ಪಟ್ಟಿಯಿಂದ ಹೋಗುತ್ತಿತ್ತು, ಡಾಕ್ಟರ ಹೆಸರು ಬರುತ್ತಿತ್ತು.

ಹೋದರೆ ಹೋಗಲಿ, ಆಟ ತಾನೇ ಅನ್ನಬಹುದು. ಅಂದವರೂ ಇದ್ದರು. ಆದರೆ ಹೆಸರು ಹೋಗುವುದು ಕಣ್ಣಿನ ಹೆಸರು ಹೇಳಿಕೊಂಡು, ಮತ್ತು ಅವಳು ಅನ್ನ ತಿನ್ನುತ್ತಿದ್ದುದೇ ಕಣ್ಣಿನಿಂದ. ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಎರಡಾಳು ನಿಂತರೆ ಮೂರನೆಯವನು ಹೊರಗೆ ನಿಲ್ಲಬೇಕಾದಂಥ ಅವಳ ಗಡಿಯಾರ ರಿಪೇರಿ ಅಂಗಡಿ. ಅಪ್ಪ ಕಲಿಸಿದ ಕೆಲಸ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಳೆಂದರೆ ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಅದರ ಜಾಗಕ್ಕೆ ಕೂರಿಸುವ ತನಕ ಉಸಿರು ಬಿಡುತ್ತಿರಲಿಲ್ಲ. ಅಂಥವಳ ಕಣ್ಣು ಹೋಯಿತಂತೆ ಅನ್ನುವ ಮಾತು ಇಟ್ಟಿಗೆ ಕಾರ್ಖಾನೆಯಲ್ಲಿ ಹುಟ್ಟಿ ಬಸ್ ನಿಲ್ದಾಣದವರೆಗೆ ತಾನಾಗಿಯೇ ನಡೆದುಕೊಂಡು ಬಂದಿತ್ತು. ಇಬ್ಬರು ಹಳೆಯ ಗಿರಾಕಿಗಳು ಬಂದು, ನಿಮಗ್ಯಾಕೆ ತೊಂದರೆ ಅಕ್ಕಾ ಎಂದು, ಬಿಚ್ಚದ ಗಡಿಯಾರಗಳನ್ನು ಹಾಗೇ ವಾಪಸು ಇಸಿದುಕೊಂಡು ಹೋಗಿದ್ದರು. ಇಬ್ಬರೂ ಅಯ್ಯೋ ಪಾಪದ ಮುಖ ಹಾಕಿಕೊಂಡೇ ಹೋದರು.

ಮನೆಯಲ್ಲಿ ಯಜಮಾನರನ್ನು ಕೇಳಿದಳು. ಬಸ್ ಓಡಿಸಿ ನಿವೃತ್ತರಾದ ಮನುಷ್ಯ. ಇಕ್ಕಟ್ಟಾದ ರಸ್ತೆಯಲ್ಲಿ ಎರಡೂ ಕಡೆಯವರಿಗೆ ತಾಗದಂತೆ ಹೋಗುವ ಅಭ್ಯಾಸ ಮಾತಿಗೂ ಬಂದುಬಿಟ್ಟಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಸ್ಕೋಪೂ ಇರಬಹುದು, ಕಣ್ಣೂ ಇರಬಹುದು, ಒಂದು ಸಲ ಡಾಕ್ಟರಿಗೆ ತೋರಿಸಿದರೆ ನಷ್ಟವೇನು ಎಂದರು. ಕಣ್ಣಿನ ಡಾಕ್ಟರು ಅಕ್ಷರ ಓದಿಸಿ, ಬೆಳಕು ಬಿಟ್ಟು ನೋಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿವೆ ಎಂದು ಬರೆದುಕೊಟ್ಟರು. ಚೀಟಿ ನೋಡಿದ ಮೈದುನ ಅದರಲ್ಲಿ ಚೆನ್ನಾಗಿವೆ ಅನ್ನುವುದನ್ನು ಬಿಟ್ಟು ವಯಸ್ಸನ್ನು ಮಾತ್ರ ಗಟ್ಟಿಯಾಗಿ ಓದಿದ.

ಸರಿ, ಊರವರ ಬಾಯಿ ಮುಚ್ಚಿಸುವುದಾದರೆ ಬಂದೂಕಿನ ಬಾಯಿಂದಲೇ ಮುಚ್ಚಿಸುತ್ತೇನೆ ಎಂದುಕೊಂಡು ಗಡಿಯಾರದಕ್ಕ ಸೋಮವಾರ ಅದನ್ನು ಅಂಗಡಿಗೆ ತಂದು ಮೇಜಿನ ಮೇಲೆ ಮಲಗಿಸಿದಳು.

ಸ್ಪ್ರಿಂಗ್ ಬಂದೂಕು ಒಂದು ವಿಚಿತ್ರ ಪ್ರಾಣಿ. ಬೇರೆ ಬಂದೂಕು ಹೊಡೆದಾಗ ಹಿಂದಕ್ಕೆ ಒಂದು ಸಲ ಒದ್ದು ಸುಮ್ಮನಾಗುತ್ತದೆ. ಇದಕ್ಕೆ ಎರಡು ಒದೆತ. ಒಳಗೆ ಬಿಗಿದಿಟ್ಟ ದಪ್ಪ ಸ್ಪ್ರಿಂಗು ಬಿಟ್ಟುಕೊಂಡಾಗ ಬಂದೂಕು ಹಿಂದಕ್ಕೆ ಜಿಗಿಯುತ್ತದೆ. ಆ ಸ್ಪ್ರಿಂಗು ತಳ್ಳಿದ ಪಿಸ್ಟನ್ನು ಕೊನೆಗೆ ಹೋಗಿ ಬಡಿದಾಗ ಮುಂದಕ್ಕೆ ಜಿಗಿಯುತ್ತದೆ. ಇಷ್ಟೆಲ್ಲ ನಡೆಯುವುದು ಗುಂಡು ನಳಿಕೆ ದಾಟಿ ಹೋಗುವುದರೊಳಗೆ. ಅದಕ್ಕೇ ಅದನ್ನು ಅಪ್ಪಿ ಹಿಡಿಯಬಾರದು. ಅವಳು ಎಡ ಅಂಗೈಯನ್ನು ಬಿಡಿಸಿ, ಅದರ ಮೇಲೆ ಬಂದೂಕನ್ನು ನಿದ್ದೆ ಹೋದ ಮಗುವಿನ ಹಾಗೆ ಮಲಗಿಸಿ, ಕುಣಿಯುವಷ್ಟು ಕುಣಿದುಕೊ ಎಂದು ಬಿಟ್ಟುಬಿಡುತ್ತಿದ್ದಳು. ಹನ್ನೊಂದು ವರ್ಷ ಹೊಡೆದದ್ದು ಹಾಗೆಯೇ.

ಇಂಥ ಎರಡು ಒದೆತದ ಮೇಲೆ ಸವಾರಿ ಮಾಡುವ ಸ್ಕೋಪಿನ ಪಾಡು ಕಷ್ಟದ್ದು. ಅದು ಕೂದಲೆಳೆಯಷ್ಟು ಸರಿದರೂ ಮೂವತ್ತು ಹೆಜ್ಜೆ ಆಚೆಗೆ ಗುಂಡು ಎರಡು ಬೆರಳು ತಪ್ಪುತ್ತದೆ. ಮೊದಲು ಅವಳು ಮರದ ಹಿಡಿಯ ಸ್ಕ್ರೂಗಳನ್ನು ನೋಡಿದಳು. ಅವುಗಳಲ್ಲಿ ಎರಡು, ಅರ್ಧ ಸುತ್ತಿನಷ್ಟು ಸಡಿಲವಾಗಿದ್ದವು. ಬಿಗಿದಳು. ಬುಧವಾರ ಅಭ್ಯಾಸದಲ್ಲಿ ಗುರಿ ಕೂರಿಸಿದಳು. ಗುಂಡು ನಡುವಿಗೆ ಹೋಯಿತು. ಬಂದೂಕನ್ನು ಎಂದಿನಂತೆ ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲಿಟ್ಟು ಮನೆಗೆ ಬಂದಳು. ಭಾನುವಾರ ಮತ್ತೆ ಕೆಳಕ್ಕೆ.

ಆಮೇಲೆ ಬಂದೂಕು ಮೇಸ್ತ್ರಿಯನ್ನು ಕರೆದಳು. ಊರಿನ ಗಾಳಿ ಬಂದೂಕುಗಳ ಹೆರಿಗೆ, ಬಾಣಂತನ, ಸಾವು ಎಲ್ಲವೂ ಅವನ ಕೈಯಲ್ಲೇ. ಅವನು ಸ್ಕೋಪು ಹಿಡಿದಿಡುವ ಪಟ್ಟಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಇಪ್ಪತ್ತು ಗುಂಡು ಹೊಡೆಸಿದ. ಪಟ್ಟಿ ಗೆರೆಯಿಂದ ಉಗುರಿನ ದಪ್ಪದಷ್ಟು ಹಿಂದೆ ಸರಿದಿತ್ತು. ಸಿಕ್ಕಿಬಿದ್ದ ಕಳ್ಳ ಎಂದು ಇಬ್ಬರೂ ಹಿಗ್ಗಿದರು. ಪಟ್ಟಿ ಕೂರುವ ಹಳಿಯ ಎಣ್ಣೆಜಿಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹಿಂದೆ ಸರಿಯದಂತೆ ಒಂದು ಉಕ್ಕಿನ ಮೊಳೆಯನ್ನು ಅಡ್ಡ ನಿಲ್ಲಿಸಿ, ಮತ್ತೆ ಬಿಗಿದರು. ಬುಧವಾರ ಕಾಗದದ ಗುರಿಯ ಮೇಲೆ ಐದೂ ಗುಂಡುಗಳ ತೂತು ಒಂದು ಅಂಗಿಯ ಗುಂಡಿಯಡಿ ಮುಚ್ಚಿಹೋಗುವಂತೆ ಬಿದ್ದವು. ಭಾನುವಾರ ಮತ್ತೆ ಕೆಳಕ್ಕೆ.

ಸ್ಕೋಪಿನ ಹೊಟ್ಟೆಯೇ ಒಡೆದಿರಬೇಕು ಎಂದ ಮೇಸ್ತ್ರಿ, ತಾನು ಹತ್ತು ವರ್ಷ ಬಳಸಿದ ಸ್ಕೋಪನ್ನು ತಂದು ಕೂರಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಅದು. ಬುಧವಾರ ನಡುವಿಗೆ, ಭಾನುವಾರ ಕೆಳಕ್ಕೆ. ಮೇಸ್ತ್ರಿ ಬಂದೂಕನ್ನು ಮೊಣಕಾಲ ಮೇಲೆ ಅಡ್ಡ ಹಾಕಿಕೊಂಡು ಕೂತ.

"ಅಕ್ಕಾ, ಎಲ್ಲಾ ಬದಲಾಯಿಸಿ ಆಯ್ತು," ಅಂದ. "ಇನ್ನು ಬದಲಾಯಿಸೋಕೆ ಉಳಿದಿರೋದು..."

ಅವಳ ಕನ್ನಡಕ ನೋಡಿ ತಲೆ ತಗ್ಗಿಸಿದ. ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಅವನದೇ ಸ್ಕ್ರೂಡ್ರೈವರು ಕೈಗೆತ್ತಿಕೊಂಡು ಅವನ ಸ್ಕೋಪನ್ನು ಬಿಚ್ಚಿ ಮಡಿಲಿಗೆ ಹಾಕಿ, ಹೋಗಿ ಬಾ ಮೇಸ್ತ್ರಿ ಎಂದಳು. ತನ್ನ ಹಳೆಯದನ್ನೇ ಮತ್ತೆ ಹಾಕಿಕೊಂಡಳು.

ಆ ವಾರವೇ ಶಾಲೆಯ ಟೀಚರೊಬ್ಬರು ತಾಯಿಯ ಕೈಗಡಿಯಾರ ತಂದರು. ಬಟಾಣಿ ಕಾಳಿನಷ್ಟು ಚಿಕ್ಕ ಯಂತ್ರ. ಅಂಥವನ್ನು ನೂರಾರು ಬಿಚ್ಚಿ ಜೋಡಿಸಿದವಳು ಕೈಗೆ ತೆಗೆದುಕೊಂಡಳು, ಕಿಟಕಿಯ ಬೆಳಕಿಗೆ ಹಿಡಿದಳು, ಮತ್ತೆ ವಾಪಸು ಕೊಟ್ಟಳು. ಇಷ್ಟು ಸಣ್ಣದು ನನ್ನ ಕಣ್ಣಿಗೆ ಆಗುವುದಿಲ್ಲಮ್ಮ, ಬೇರೆಯವರಿಗೆ ತೋರಿಸಿ ಎಂದಳು. ಟೀಚರು ಮೆಟ್ಟಿಲಿಳಿದು ಹೋದ ಮೇಲೆ ಅವಳಿಗೆ ತಾನು ಆಡಿದ ಮಾತು ತನಗೇ ಕೇಳಿಸಿತು. ಯಾರೂ ಕೇಳಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ತನ್ನ ಬಾಯಿಂದ ತಾನೇ ತನ್ನ ಕಣ್ಣು ಕಿತ್ತುಕೊಟ್ಟಿದ್ದಳು. ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಅತ್ತಳು. ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸಿಟ್ಟು ಎಲ್ಲರ ಬುದ್ಧಿಯನ್ನೂ ಕೆಡಿಸುತ್ತದೆ ಅನ್ನುತ್ತಾರೆ. ಗಡಿಯಾರದಕ್ಕನ ಬುದ್ಧಿ ಚುರುಕಾಗುತ್ತಿದ್ದುದೇ ಸಿಟ್ಟು ಬಂದಾಗ. ಮುಖ ಒರೆಸಿಕೊಂಡು ಯೋಚಿಸಿದಳು. ಪ್ರತಿ ಬುಧವಾರ ತಾನು ಗುರಿ ಕೂರಿಸುವಾಗ ಸ್ಕೋಪಿನ ಮೇಲಿನ ಪುಟ್ಟ ತಿರುಪನ್ನು ಮೇಲಕ್ಕೇ ತಿರುಗಿಸಿದ್ದೇನೆ. ಮುಚ್ಚಳದಡಿ ಇರುವ ಆ ತಿರುಪು ಒಂದೊಂದು ಹೆಜ್ಜೆಗೂ ಟಿಕ್ ಅನ್ನುತ್ತದೆ. ಎಷ್ಟು ಟಿಕ್ ಎಂದು ಲೆಕ್ಕ ಇಟ್ಟಿರಲಿಲ್ಲ, ಆದರೆ ಬೆರಳಿಗೆ ನೆನಪಿತ್ತು. ಹೆಚ್ಚುಕಡಿಮೆ ಪ್ರತಿ ಸಲವೂ ಅಷ್ಟೇ. ಒಂದು ಸಲವೂ ಕೆಳಕ್ಕೆ ತಿರುಗಿಸಿಲ್ಲ, ಎಡಕ್ಕೆ ಬಲಕ್ಕೆ ತಿರುಗಿಸಿಲ್ಲ.

ಸಡಿಲವಾದ ಗಡಿಯಾರ ಒಂದು ದಿನ ಮುಂದೆ ಓಡುತ್ತದೆ, ಇನ್ನೊಂದು ದಿನ ಹಿಂದೆ ಬೀಳುತ್ತದೆ. ದಿನಾ ತಪ್ಪದೆ ನಾಲ್ಕೇ ನಿಮಿಷ ಹಿಂದೆ ಬೀಳುವ ಗಡಿಯಾರ ಸಡಿಲವಾಗಿಲ್ಲ; ಅದನ್ನು ಯಾರೋ ಹಾಗೆ ಇಟ್ಟಿದ್ದಾರೆ. ಇದು ಅಪ್ಪ ಮೊದಲ ವರ್ಷ ಹೇಳಿಕೊಟ್ಟ ಪಾಠ. ನಾಲ್ಕು ತಿಂಗಳು ಬಂದೂಕಿನ ವಿಷಯದಲ್ಲಿ ಅದು ತಲೆಗೆ ಬಾರದೆ ಹೋಯಿತಲ್ಲ ಎಂದು ಅವಳು ಹಣೆ ಬಡಿದುಕೊಂಡಳು. ಬಂದೂಕಿಗೆ ಬೇಕಾಗಿದ್ದುದು ಮೇಸ್ತ್ರಿಯಲ್ಲ, ಪಹರೆ.

ಗಡಿಯಾರದವರಲ್ಲಿ ಒಂದು ಪದ್ಧತಿ ಉಂಟು. ರಿಪೇರಿ ಮಾಡಿದ ಪ್ರತಿ ಗಡಿಯಾರದ ಹಿಂಬದಿಯ ಮುಚ್ಚಳದ ಒಳಗೆ ಸೂಜಿಮೊನೆಯಿಂದ ಒಂದು ಗುರುತು ಗೀಚುತ್ತಾರೆ. ಮಾಲೀಕನಿಗೆ ಅದು ಕಾಣುವುದಿಲ್ಲ. ಮುಂದೆ ಬಿಚ್ಚುವ ಕೈಗೆ ಮಾತ್ರ ಕಾಣುತ್ತದೆ. ಅವಳು ಬುಧವಾರ ಗುರಿ ಕೂರಿಸಿ, ಈ ಸಲ ಟಿಕ್‌ಗಳನ್ನು ಎಣಿಸಿದಳು: ಒಂಬತ್ತು. ಆಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸೂಜಿಯನ್ನು ಉಗುರಿನ ಕೆಂಪು ಬಣ್ಣದಲ್ಲಿ ಅದ್ದಿ, ತಿರುಪಿನ ಮೇಲಿಂದ ಸ್ಕೋಪಿನ ಮೈಗೆ ದಾಟುವಂತೆ ಕೂದಲಿನಷ್ಟು ಸಣ್ಣ ಗೆರೆ ಎಳೆದಳು. ಕೈ ನಡುಗಲಿಲ್ಲ, ಗೆರೆ ಸೊಟ್ಟಗಾಗಲಿಲ್ಲ. ಮುಚ್ಚಳ ಹಾಕಿ ಬಂದೂಕನ್ನು ಬೀರುವಿಗೆ ಸೇರಿಸಿ, ಯಾರಿಗೂ ಏನೂ ಹೇಳದೆ ಮನೆಗೆ ಹೋದಳು.

ಆಯ್ಕೆಯ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಮುಚ್ಚಳ ತೆಗೆದಳು. ಗೆರೆ ತುಂಡಾಗಿತ್ತು. ಅರ್ಧ ಸ್ಕೋಪಿನ ಮೈ ಮೇಲೆ, ಅರ್ಧ ತಿರುಪಿನ ಮೇಲೆ, ನಡುವೆ ಅಂತರ. ಗೆರೆಯ ಎರಡು ತುಂಡು ಸೇರುವವರೆಗೆ ತಿರುಪನ್ನು ಮೇಲಕ್ಕೆ ತಿರುಗಿಸುತ್ತ ಎಣಿಸಿದಳು. ಒಂಬತ್ತು.

ಯಾರೋ ಕೈ ಹಾಕಿದ್ದಾರೆ. ವಾರ ವಾರವೂ ಹಾಕಿದ್ದಾರೆ. ಯಾರಿಗೆ ಲಾಭ? ತಲೆಯೆತ್ತಿದಾಗ ಎದುರಿಗೆ ಬಂದವರು ಹಲ್ಲಿನ ಡಾಕ್ಟರು. ಅವರು ನಮಸ್ಕಾರ ಅಂದರು. ಅವಳು ಅವರನ್ನು ನೋಡಿದ ನೋಟಕ್ಕೆ ಪಾಪ ಆ ಮನುಷ್ಯ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ನಾಲಗೆ ತುದಿಗೆ ಬಂದದ್ದನ್ನು ಅವಳು ಹಲ್ಲು ಕಚ್ಚಿ ನುಂಗಿದಳು. ಮೊದಲು ತಟ್ಟೆ, ಆಮೇಲೆ ಮಾತು.

ಯಜಮಾನರು ಚಹಾದ ಫ್ಲಾಸ್ಕು ಹಿಡಿದುಕೊಂಡು ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದರು. ಅವಳ ಸರದಿ ಬಂತು. ಚಾಪೆಯ ಮೇಲೆ ಮಲಗಿ, ಅಂಗೈ ಬಿಡಿಸಿ, ಬಂದೂಕನ್ನು ಅದರ ಮೇಲೆ ಮಲಗಿಸಿದಳು. ಮೊದಲ ತಟ್ಟೆ ಟಣ್ ಎಂದಿತು. ಎರಡನೆಯದೂ. ನಾಲ್ಕನೆಯದರ ಹೊತ್ತಿಗೆ ಹಿಂದೆ ನಡೆಯುತ್ತಿದ್ದ ಮಾತು ನಿಂತಿತ್ತು. ಎಂಟು ಬಿದ್ದಾಗ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಹತ್ತನೆಯದು ಶೆಡ್ಡಿನ ಆ ತುದಿಯ ಅರೆಗತ್ತಲಲ್ಲಿ ನಿಂತದ್ದು. ಕೊಂಚ ತಡೆದು, ಅಲುಗಾಡಿ, ಬಿತ್ತು.

ಚಪ್ಪಾಳೆಯ ನಡುವೆ ಎಲ್ಲರಿಗಿಂತ ಮೊದಲು ಓಡಿಬಂದವನು ಮೈದುನ. ಎರಡೂ ಕೈ ಅಗಲಿಸಿಕೊಂಡು, ಹಿಗ್ಗಿ ಹೀರೇಕಾಯಾಗಿ ಬಂದ.

"ನೋಡಿದ್ರಾ? ನಿನ್ನೆ ಸಾಯಂಕಾಲ ಅತ್ತಿಗೆ ಬಂದೂಕಿಗೆ ಅಂತಲೇ ಮುಕ್ಕಾಲು ಗಂಟೆ ಕೂತಿದ್ದೆ. ಕೊನೆಗೂ ಸರಿ ಕೂತ್ಕೊಳ್ತು."

ಗಡಿಯಾರದಕ್ಕ ಎದ್ದು ನಿಂತಳು. "ನೀನಾ?" ಅಂದಳು.

ಮತ್ತ್ಯಾರು ಎಂಬಂತೆ ಅವನು ಎಲ್ಲವನ್ನೂ ಹೇಳಿದ. ನಾಲ್ಕು ತಿಂಗಳ ಹಿಂದೆ ಕ್ಯಾಪ್ಟನ್ ಆದಾಗಿನಿಂದ ಪ್ರತಿ ಶನಿವಾರ ಬೀರು ತೆಗೆದು ಎಲ್ಲರ ಬಂದೂಕನ್ನೂ ತಾನೇ ಪರೀಕ್ಷೆ ಮಾಡುತ್ತಿದ್ದನಂತೆ. ಶನಿವಾರ ಅವಳು ಅಂಗಡಿ ಬಿಟ್ಟು ಬರುವವಳಲ್ಲ. ಉಳಿದವರದೆಲ್ಲ ಸಣ್ಣಪುಟ್ಟದ್ದು, ಅತ್ತಿಗೆಯದು ಮಾತ್ರ ಪ್ರತಿ ವಾರ ಎರಡು ಬೆರಳು ಮೇಲೆ ಹೊಡೆಯುತ್ತಿತ್ತು. ಪಾಪ, ಅವರಿಗೆ ಕಾಣುವುದಿಲ್ಲ, ಮೇಲೆ ಕೂರಿಸಿಬಿಡುತ್ತಾರೆ ಎಂದು ನಾನೇ ಕೆಳಗಿಳಿಸಿ ಇಡುತ್ತಿದ್ದೆ. ಆದರೂ ಭಾನುವಾರ ತಪ್ಪುತ್ತಿದ್ದರಲ್ಲ, ಅದಕ್ಕೇ ಕಣ್ಣಿನ ಮೇಲೆ ಅನುಮಾನ ಬಂದದ್ದು ಎಂದ. ಅವನ ಮುಖದಲ್ಲಿ ಒಂದು ಚೂರು ಕಳ್ಳತನ ಇರಲಿಲ್ಲ. ಅದೇ ಅವಳಿಗೆ ತಡೆಯಲಾಗದೆ ಹೋದದ್ದು. ಕಳ್ಳನಾಗಿದ್ದರೆ ಹಿಡಿದು ಕೊಡಬಹುದಿತ್ತು. ಉಪಕಾರಿಯನ್ನು ಯಾರಿಗೆ ಹಿಡಿದು ಕೊಡುವುದು?

ತಟ್ಟೆಗಳನ್ನು ಮತ್ತೆ ನಿಲ್ಲಿಸಿದ ಮೇಲೆ ಬಂದೂಕನ್ನು ಅವನ ಕೈಗೆ ಕೊಟ್ಟು, ಮಲಗು, ಹೊಡೆ ಅಂದಳು. ಅವನು ಮರಳಿನ ಚೀಲ ಎಳೆದುಕೊಂಡು ಅದರ ಮೇಲೆ ಬಂದೂಕನ್ನು ಊರಿ, ಹಗ್ಗಜಗ್ಗಾಟದ ಹಗ್ಗ ಹಿಡಿಯುವಂತೆ ಬಿಗಿಹಿಡಿದು ಹೊಡೆದ. ಮೂರು ಗುಂಡೂ ತಟ್ಟೆಯ ತಲೆ ಸವರಿಕೊಂಡು ಮೇಲೆ ಹೋದವು. ಅವಳು ಮುಚ್ಚಳ ತೆಗೆದು, ಎಲ್ಲರಿಗೂ ಕೇಳುವಂತೆ ಎಣಿಸುತ್ತ, ಒಂಬತ್ತು ಟಿಕ್ ಕೆಳಗಿಳಿಸಿ ಮತ್ತೆ ಕೊಟ್ಟಳು. ಅವನ ಮೂರು ಗುಂಡಿಗೆ ಮೂರು ತಟ್ಟೆ ಬಿದ್ದವು. ಅದನ್ನೇ ಇಸಿದುಕೊಂಡು, ಏನನ್ನೂ ಮುಟ್ಟದೆ, ತಾನು ಮಲಗಿ ಅಂಗೈ ಮೇಲೆ ಹಿಡಿದು ಹೊಡೆದಳು. ಮೂರೂ ಗುಂಡು ಕೆಳಗಿನ ಮರಕ್ಕೆ ಹೋಗಿ ಕೂತವು, ನಾಲ್ಕು ತಿಂಗಳ ಗುಂಡುಗಳು ಕೂತಿದ್ದ ಜಾಗಕ್ಕೇ.

ಮೊದಲು ಅರ್ಥವಾದದ್ದು, ಆಯ್ಕೆ ನೋಡಲು ಬಂದು ಹಿಂದೆ ನಿಂತಿದ್ದ ಮೇಸ್ತ್ರಿಗೆ. ಸ್ಪ್ರಿಂಗ್ ಬಂದೂಕು ಹಿಡಿದ ಕೈಯ ಮಾತು ಕೇಳುತ್ತದೆ, ಬಿಗಿಹಿಡಿದವನಿಗೆ ಮೇಲೆ ಹೊಡೆಯುತ್ತದೆ, ಸಡಿಲ ಬಿಟ್ಟವರಿಗೆ ಕೆಳಗೆ. ಒಬ್ಬರ ಗುರಿ ಇನ್ನೊಬ್ಬರಿಗೆ ಆಗುವುದೇ ಇಲ್ಲ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ ಎಂದು ತನ್ನನ್ನೇ ಬೈದುಕೊಂಡ. ಉಗುರಿನ ದಪ್ಪ ಜಾರಿದ್ದೊಂದು ಬಿಟ್ಟರೆ ಸ್ಕೋಪು ಒಂದು ದಿನವೂ ಸರಿದಿರಲಿಲ್ಲ. ಬುಧವಾರ ಅವಳು ಏರಿಸಿದ್ದನ್ನು ಶನಿವಾರ ಇವನು ಇಳಿಸುತ್ತಿದ್ದ. ಇಳಿಸಿದ್ದನ್ನು ಮತ್ತೆ ಬುಧವಾರ ಅವಳು ಏರಿಸುತ್ತಿದ್ದಳು. ಪಾಪದ ಸ್ಕೋಪು ಇಬ್ಬರು ಹೇಳಿದ್ದನ್ನೂ ಚಾಚೂ ತಪ್ಪದೆ ಕೇಳಿತ್ತು.

ಮೈದುನ ತಲೆ ಕೆರೆದುಕೊಂಡು, ಹೋಗಲಿ ಬಿಡಿ ಅತ್ತಿಗೆ, ಆದದ್ದು ಆಯಿತು, ನಿಮ್ಮ ಜಾಗ ನಿಮಗಿದ್ದೇ ಇದೆ ಎಂದು ನಗಲು ನೋಡಿದ.

"ಬಂದೂಕು ನಿನ್ನ ಕೈಗೆ ಬರ್ಲಿಲ್ಲ," ಅಂದಳು ಅವಳು. "ಅದರಿಂದ ನನ್ನ ಕಣ್ಣು ಹೋಗಿದೆ ಅಂತ ನಿನಗೆ ಹೇಗಪ್ಪಾ ಗೊತ್ತಾಯ್ತು? ನಿನ್ನ ಕೈ ಸರಿ ಇದ್ಯಾ ಅಂತ ಒಂದು ದಿನ, ಒಂದೇ ಒಂದು ದಿನ, ಅನಿಸ್ಲಿಲ್ವಾ?"

ಅವನು ಬಗ್ಗಿ ಮರಳಿನ ಚೀಲವನ್ನು ಬದಿಗೆ ಎಳೆಯತೊಡಗಿದ.

"ಊರಿಗೆಲ್ಲ ಹೇಳ್ದೆ. ಬಂದೂಕು ನನ್ನದು. ನನಗೊಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ನಿಮಗೆ ಬೇಜಾರಾಗ್ಬಾರ್ದು ಅಂತ, ಅತ್ತಿಗೆ. ಹೇಳ್ಲಾ ಅಂತ ಅಣ್ಣನ್ನ ಕೇಳ್ದೆ. ಬೇಡ ಬಿಡು, ನೊಂದ್ಕೋತಾಳೆ ಅಂದ."

ಎಲ್ಲರೂ ಬೆಂಚಿನ ಕಡೆ ತಿರುಗಿದರು. ಯಜಮಾನರು ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯುತ್ತಿದ್ದರು. ಅದು ಆಗಲೇ ಬಿಗಿಯಾಗಿತ್ತು.

ಗಡಿಯಾರದಕ್ಕ ಬಂದೂಕನ್ನು ಅದರ ಚೀಲಕ್ಕೆ ಹಾಕಿಕೊಂಡಳು. ನನ್ನ ಬಂದೂಕು ಇನ್ನು ಮೇಲೆ ಈ ಬೀರುವಿನಲ್ಲಿರುವುದಿಲ್ಲ ಎಂದಳು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಬೆಳಗ್ಗೆ ಹಾಗೆ ನೋಡಬಾರದಿತ್ತು, ತಪ್ಪಾಯಿತು ಎಂದಳು. ಅವರಿಗೆ ಯಾವ ತಪ್ಪು ಎಂದು ಕೊನೆಗೂ ಅರ್ಥವಾಗಲಿಲ್ಲ. ಗಡಿಯಾರ ವಾಪಸು ಒಯ್ದ ಇಬ್ಬರು ಗಿರಾಕಿಗಳ ಮನೆ ಎಲ್ಲಿದೆಯೆಂದು ಮೈದುನನಿಗೆ ತಿಳಿಸಿ, ಕಣ್ಣು ಹೋಗಿದೆ ಎಂದು ಹೇಳಿದ ಬಾಯಿಂದಲೇ ನಾಳೆ ಅಲ್ಲಿಗೆ ಹೋಗಿ ಹೋಗಿಲ್ಲವೆಂದು ಹೇಳಿ ಬಾ ಎಂದಳು. ಅವನು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಪಟ್ಟಿಯಲ್ಲಿ ಅವಳ ಹೆಸರನ್ನೇ ಮೊದಲು ಬರೆದ. ಅವಳು ಅದನ್ನು ನೋಡಲೂ ಇಲ್ಲ.

ಮನೆಯ ದಾರಿಯಲ್ಲಿ ಬಂದೂಕಿನ ಚೀಲವನ್ನು ಯಜಮಾನರೇ ಹೊತ್ತಿದ್ದರು. ಅಂಗಡಿಗಳೆಲ್ಲ ಬಾಗಿಲು ಹಾಕಿದ ಭಾನುವಾರದ ರಸ್ತೆ. ಎರಡು ಬೀದಿ ದಾಟಿದ ಮೇಲೆ ಅವರು, ತಮ್ಮನದು ಮೊದಲಿನಿಂದಲೂ ಆತುರದ ಬುದ್ಧಿ, ಆದರೆ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ ಎಂದು ಶುರುಮಾಡಿದರು. ತಾನೂ ಒಳ್ಳೆಯದಕ್ಕೇ ಸುಮ್ಮನಿದ್ದದ್ದು ಎಂದರು. ನಿನ್ನ ಕಣ್ಣು ಚೆನ್ನಾಗಿದೆ ಎಂದು ನನಗೆ ಒಳಗೊಳಗೇ ಗೊತ್ತಿತ್ತು ಎಂದೂ ಸೇರಿಸಿದರು.

ಅವಳು ರಸ್ತೆಯ ನಡುವೆ ನಿಂತುಬಿಟ್ಟಳು.

"ನಿಮ್ಮ ತಮ್ಮ ನೂರು ಸಲ ಅಂದ, ನಾನು ನಂಬ್ಲಿಲ್ಲ. ಮೇಸ್ತ್ರಿ ಅಂದ, ನಂಬ್ಲಿಲ್ಲ. ಊರೇ ಅಂತು, ಉಗಿದು ಬಂದೆ. ಹೋದ ತಿಂಗಳು ಒಂದಿನ ನಡುಮಧ್ಯಾಹ್ನ ಸೂಜಿಗೆ ದಾರ ಪೋಣಿಸ್ತಾ ಕೂತಿದ್ದೆ. ನೀವು ಬಾಯಿ ಬಿಡ್ದೆ ಎದ್ದು ಹೋಗಿ ದೀಪ ಹಾಕಿದ್ರಿ."

ಅವಳು ಅವರ ಹೆಗಲ ಮೇಲಿನ ಚೀಲಕ್ಕೆ ಕೈ ಹಾಕಿದಳು.

"ಅವತ್ತು ನಂಬ್ದೆ."

ಅವಳು ಅವರ ಹೆಗಲಿನಿಂದ ಚೀಲವನ್ನು ಇಳಿಸಿಕೊಂಡು, ತನ್ನ ಹೆಗಲಿಗೆ ಹಾಕಿಕೊಂಡು, ಮುಂದೆ ನಡೆದಳು.